ಸದನದಲ್ಲಿ ಹುಟ್ಟಿದ ಇಬ್ಬರು ಮೇಷ್ಟ್ರು

ಕೇಂದ್ರ ಸರ್ಕಾರದ ಮಾನ್ಯ ಶಿಕ್ಷಣ ಸಚಿವರ ಸನ್ನಿಧಾನಕ್ಕೆ,

ಮಾನ್ಯರೇ,

ಮೊಳಕಾಲ್ಮುರು ತಾಲ್ಲೂಕು ಮಗ್ಗದಹಟ್ಟಿಯಿಂದ ತಿಪ್ಪೇರುದ್ರ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ. ತಾವು ಕ್ಷೇಮವಾಗಿರುವುದನ್ನು ಆಗಾಗ ಮೊಬೈಲಿನಲ್ಲಿ ನೋಡಿ ಸಂತೋಷಪಡುತ್ತಿದ್ದೇವೆ.

ನಮ್ಮ ಕಡೆ ಕಟ್ಟೆಯ ಮೇಲೆ ಕಥೆ ಹೇಳುವವರು, ಇದನ್ನು ಮೊದಲು ಹೇಳಿದವರು ಯಾರು, ಯಾವಾಗ ಹೇಳಿದರು ಎಂದು ತಿಳಿಸಿ ಅವರಿಗೊಂದು ಕೈ ಮುಗಿದ ಮೇಲೆಯೇ ಕಥೆಗೆ ಇಳಿಯುತ್ತಾರೆ. ಅದರಂತೆ ನಾನೂ ಕೈ ಮುಗಿಯುತ್ತೇನೆ, ಏಕೆಂದರೆ ಈ ಕಥೆಯನ್ನು ಮೊಟ್ಟಮೊದಲು ಹೇಳಿದವರು ತಾವೇ. ಹೇಳಿದ್ದು ಕಳೆದ ಚಳಿಗಾಲದ ಅಧಿವೇಶನದಲ್ಲಿ, ಒಂದು ಸೋಮವಾರದ ಪ್ರಶ್ನೋತ್ತರ ವೇಳೆಯಲ್ಲಿ. ರಾಷ್ಟ್ರೀಯ ಶಿಕ್ಷಣ ನೀತಿಯು ಹಳ್ಳಿಗಳಲ್ಲಿ ಜಾರಿಗೆ ಬಂದಿದೆಯೇ, ಬಂದಿದ್ದರೆ ಅದರ ವಿವರಗಳೇನು, ಬರದಿದ್ದರೆ ಅದಕ್ಕೆ ಕಾರಣಗಳೇನು ಎಂದು ಮಾನ್ಯ ಸದಸ್ಯರೊಬ್ಬರು ಕೇಳಿದ್ದಕ್ಕೆ ತಾವು ಸುದೀರ್ಘವಾಗಿ ಉತ್ತರಿಸಿ ಕುಳಿತಿರಿ. ಆ ಸದಸ್ಯರು ಅಷ್ಟಕ್ಕೇ ಬಿಡದೆ ಎದ್ದುನಿಂತು, ಹಾಗಿದ್ದರೆ ಒಂದೇ ಒಂದು ಊರಿನ ಹೆಸರು ಹೇಳಿ ನೋಡೋಣ ಎಂದರು. ಆಗ ತಮ್ಮ ಬೆನ್ನ ಹಿಂದಿನಿಂದ ಒಂದು ಚೀಟಿ ಬಂತು. ತಾವು ಕನ್ನಡಕ ಏರಿಸಿಕೊಂಡು, ಕರ್ನಾಟಕದ ಮಗ್ಗದಹಟ್ಟಿ ಎಂಬ ಗ್ರಾಮದಲ್ಲಿ ತರಬೇತಾದ ಇಬ್ಬರು ಶಿಕ್ಷಕರಿದ್ದಾರೆ, ಮಕ್ಕಳಿಗೆ ಮಾತೃಭಾಷೆಯಲ್ಲೇ ಪಾಠ ನಡೆಯುತ್ತಿದೆ, ಓದುವ ಕೋಣೆ ಇದೆ, ಮತ್ತು ಬ್ಯಾಗಿಲ್ಲದ ದಿನಗಳಲ್ಲಿ ಮಕ್ಕಳು ಊರಿನ ನೇಕಾರರ ಬಳಿ ಕುಳಿತು ನಲಿಯುತ್ತಾ ಕಸುಬು ಕಲಿಯುತ್ತಿದ್ದಾರೆ ಎಂದು ಓದಿದಿರಿ. ನಮ್ಮ ಕಟ್ಟೆಯ ಮೇಲೆ ಕಥೆಗೆ ಹೂಂಗುಟ್ಟಲು ಒಬ್ಬನನ್ನು ಹಿಡಿದು ತರುವುದೇ ಕಷ್ಟ, ತಮ್ಮಲ್ಲಿ ಅಷ್ಟೊಂದು ಜನ ಮೇಜು ಕುಟ್ಟಿ ಹೂಂಗುಟ್ಟಿದ್ದನ್ನು ಕಂಡು ಕಥೆಗಾರನಾದ ನನಗೆ ಹೊಟ್ಟೆಕಿಚ್ಚೇ ಆಯಿತು.

ಈ ಸುದ್ದಿಯನ್ನು ಊರಿಗೆ ತಂದವನು ನೂರ್ ಅಹಮ್ಮದ್. ಅವನು ನಮ್ಮ ಹಟ್ಟಿಯವನೇ, ಮೊಳಕಾಲ್ಮುರು ಬಸ್‌ ನಿಲ್ದಾಣದ ಪಕ್ಕ ಬೈಕು ರಿಪೇರಿ ಅಂಗಡಿ ಇಟ್ಟಿದ್ದಾನೆ. ಅಂದು ಬಿಡಿಭಾಗ ತರಲು ಚಳ್ಳಕೆರೆಗೆ ಹೋಗಿದ್ದವನು ಚಹಾದಂಗಡಿಯಲ್ಲಿ ಯಾರದೋ ಮೊಬೈಲಿನಲ್ಲಿ ತಮ್ಮನ್ನು ಕಂಡು, ಬಿಡಿಭಾಗ ಮರೆತು, ತಮ್ಮನ್ನು ಮಾತ್ರ ತನ್ನ ಮೊಬೈಲಿಗೆ ಹಾಕಿಸಿಕೊಂಡು ಬಂದ. ಮನೆಯಲ್ಲಿ ಉರ್ದು ಆಡುವುದರಿಂದ ತಮ್ಮ ಹಿಂದಿ ಅವನಿಗೆ ತಿಳಿಯುತ್ತದೆ. ಶಾಲೆಯ ಜಗಲಿಯ ಮೇಲೆ ನಮ್ಮನ್ನೆಲ್ಲ ಕೂರಿಸಿ ಒಂದೊಂದು ಮಾತಿಗೂ ನಿಲ್ಲಿಸಿ ಕನ್ನಡದಲ್ಲಿ ಹೇಳಿದ. ಊರಿನ ಹೆಸರು ಬಂದಾಗ ಹೆಂಗಸರು ಸೆರಗು ಸರಿಮಾಡಿಕೊಂಡರು. ಇಬ್ಬರು ಶಿಕ್ಷಕರು ಎಂಬ ಮಾತು ಬಂದಾಗ ಎಲ್ಲರೂ ತಿರುಗಿ ಶಾಲೆಯ ಬಾಗಿಲ ಕಡೆ ನೋಡಿದೆವು, ಅಕಸ್ಮಾತ್ ಬಂದುಬಿಟ್ಟಿದ್ದಾರೇನೋ ಎಂದು.

ಬಂದಿರಲಿಲ್ಲ. ಮಾನ್ಯರೇ, ತಾವು ಬೇಸರ ಮಾಡಿಕೊಳ್ಳಬಾರದು, ನಮ್ಮ ಶಾಲೆಯಲ್ಲಿ ಕಳೆದ ಜೂನ್‌ನಿಂದ ಒಬ್ಬ ಮೇಷ್ಟ್ರೂ ಇಲ್ಲ. ಒಬ್ಬರು ನಿವೃತ್ತರಾದರು, ಇನ್ನೊಬ್ಬರಿಗೆ ಚಳ್ಳಕೆರೆಗೆ ವರ್ಗವಾಯಿತು. ಪಕ್ಕದ ಊರಿನ ಮೇಷ್ಟ್ರು ಮಂಗಳವಾರ ಬಂದು ಹಾಜರಿ ಹಾಕಿ, ಬಿಸಿಯೂಟದ ರುಚಿ ನೋಡಿ ಹೋಗುತ್ತಿದ್ದರು. ಉಳಿದ ದಿನಗಳಲ್ಲಿ ಒಂದರಿಂದ ಏಳನೇ ತರಗತಿಯವರೆಗಿನ ಸಮಸ್ತ ವಿದ್ಯಾಭ್ಯಾಸವೂ ಅಡುಗೆಯ ಕೊಲ್ಲಾಪುರಮ್ಮನ ಸುಪರ್ದಿಯಲ್ಲಿತ್ತು. ಆಕೆ ಸೌಟಿನಿಂದ ಗಂಟೆ ಬಾರಿಸಿ ಮಕ್ಕಳನ್ನು ಒಳಗೆ ಕಳಿಸುತ್ತಿದ್ದಳು, ಅನ್ನ ಬೆಂದ ಮೇಲೆ ಮತ್ತೆ ಬಾರಿಸಿ ಹೊರಗೆ ಕರೆಯುತ್ತಿದ್ದಳು. ಎರಡು ಗಂಟೆಗಳ ನಡುವೆ ಒಳಗೆ ಏನು ನಡೆಯಬೇಕೆಂದು ಆಕೆಗೆ ಯಾವ ಸುತ್ತೋಲೆಯೂ ಬಂದಿರಲಿಲ್ಲ. ಒಬ್ಬ ಮೇಷ್ಟ್ರನ್ನಾದರೂ ಕೊಡಿ ಎಂಬ ನಮ್ಮ ಮನವಿ ಮೇಲಿನ ಕಚೇರಿಯೊಂದರಲ್ಲಿ ನೆಮ್ಮದಿಯಾಗಿ ಮಲಗಿತ್ತು. ಆ ಕಚೇರಿಯ ಹೆಸರು ಇಲ್ಲಿ ಬೇಡ, ಅಲ್ಲಿರುವವರೂ ಮಕ್ಕಳೊಂದಿಗರೇ.

ಈ ಸಂಗತಿಯಿಂದ ಎಲ್ಲರಿಗಿಂತ ಹೆಚ್ಚು ಕಷ್ಟಕ್ಕೆ ಸಿಕ್ಕವಳು ಸೌಂದರ್ಯ. ಏಳನೇ ತರಗತಿಯ ಹುಡುಗಿ, ನೇಕಾರ ಹೆಂಗಸು ಬಸವಲಿಂಗಮ್ಮನ ಮಗಳು. ನಮ್ಮಲ್ಲಿ ರೇಷ್ಮೆ ಸೀರೆ ನೇಯುವುದು ಗುಂಡಿಮಗ್ಗದಲ್ಲಿ, ಅಂದರೆ ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕುಳಿತು ಮೆಟ್ಟುವುದು. ಒಮ್ಮೆ ಆ ಗುಂಡಿಗೆ ಕಾಲಿಟ್ಟ ಹುಡುಗಿ ಮತ್ತೆ ಬೆಂಚಿನ ಕೆಳಗೆ ಕಾಲು ಮಡಿಸಿ ಕೂತಿದ್ದನ್ನು ನಾನಂತೂ ಕಂಡಿಲ್ಲ. ಬಸವಲಿಂಗಮ್ಮ ಮಗಳನ್ನು ಇಷ್ಟು ದಿನ ಅದರ ಹತ್ತಿರ ಬಿಟ್ಟಿರಲಿಲ್ಲ. ಆದರೆ ದೀಪಾವಳಿ ಕಳೆದ ಮೇಲೂ ಹುಡುಗಿ ಭಿನ್ನರಾಶಿಯ ಪುಟ ದಾಟದೆ ಇರುವುದನ್ನು ನೋಡಿ ಆಕೆಯ ಪಟ್ಟು ಸಡಿಲವಾಯಿತು. "ಪಾಠ ಹೇಳೋರೇ ಇಲ್ಲದ ಸಾಲಿಗೆ ಕಳ್ಸಿ ಏನ್ ಮಾಡ್ಲಣ್ಣ? ಮಗ್ಗದಾಗ ಕುಂತ್ರೆ ಕೈಯಾದ್ರೂ ತಿರುಗ್ತೈತೆ. ಶಿವರಾತ್ರಿ ತಂಕ ನೋಡ್ತೀನಿ, ಆಮ್ಯಾಲೆ ಇಳಿಸ್ತೀನಿ" ಎಂದು ನನ್ನೆದುರೇ ಹೇಳಿದಳು. ತಮ್ಮ ಉತ್ತರ ಕೇಳಿದ ಮೇಲೆ ನಮಗೆ ಸಮಾಧಾನವಾಗಬೇಕಿತ್ತು, ಯಾಕೆಂದರೆ ಮಗ್ಗದ ಗುಂಡಿಗೆ ಇಳಿಸಿದರೂ ಅವಳು ತಮ್ಮ ಲೆಕ್ಕದಲ್ಲಿ ನಲಿಯುತ್ತಾ ಕಲಿಯುತ್ತಿರುವವಳೇ. ಆದರೆ ಹುಡುಗಿಗೆ ಅಷ್ಟು ದೂರದೃಷ್ಟಿ ಇಲ್ಲ, ಒಂದೇ ಸಮನೆ ಅತ್ತಳು.

ಇಂಥ ಹೊತ್ತಿನಲ್ಲಿ ಬೇರೆ ಊರಿನವರಾಗಿದ್ದರೆ ಮಂತ್ರಿಗಳು ಸುಳ್ಳು ಹೇಳಿದರು ಎಂದು ರಸ್ತೆಗೆ ಕಲ್ಲು ಅಡ್ಡ ಇಡುತ್ತಿದ್ದರು. ನಾವು ಹಾಗೆ ಮಾಡುವವರಲ್ಲ. ನಮ್ಮ ಹಟ್ಟಿಯ ಸಂಪ್ರದಾಯವನ್ನು ತಮಗೆ ಸ್ವಲ್ಪ ಬಿಡಿಸಿ ಹೇಳಬೇಕು. ಹೆಣ್ಣಿನ ಕಡೆಯವರು ಸಂಬಂಧ ಕುದುರಿಸಲು ಹೋಗುವಾಗ ತಾವೇ ಬಾಯಿ ಬಿಡುವುದಿಲ್ಲ, ಹಿರಿಯರೊಬ್ಬರನ್ನು ಮಾತಿಗೆ ಕರೆದೊಯ್ಯುತ್ತಾರೆ. ಆ ಹಿರಿಯರು ಮಾತಿನ ಭರದಲ್ಲಿ ಹೆಣ್ಣಿನ ಮನೆಯ ಬಗ್ಗೆ ಏನೇ ಹೊಗಳಿಕೊಂಡರೂ, ಗಂಡಿನವರು ಮನೆ ನೋಡುವ ಶಾಸ್ತ್ರಕ್ಕೆ ಬರುವಷ್ಟರಲ್ಲಿ ಊರೇ ಸೇರಿ ಅದನ್ನು ನಿಜ ಮಾಡಿ ತೋರಿಸಬೇಕು. ನಮ್ಮ ಮೂಗಮ್ಮನ ಮದುವೆಯಲ್ಲಿ ಹಾಗೇ ಆಯಿತು. ಮಾತಿಗೆ ಹೋದವರು ಎರಡು ಕರೆಯುವ ಎಮ್ಮೆ ಇವೆ ಎಂದುಬಿಟ್ಟರು. ಆಕೆಯ ಮನೆಯಲ್ಲಿ ಕೋಳಿಯೂ ಇರಲಿಲ್ಲ. ಇಬ್ಬರ ಮನೆಯ ಎಮ್ಮೆ ತಂದು ಹಿತ್ತಲಲ್ಲಿ ಕಟ್ಟಿದೆವು, ಗಂಡಿನವರು ಗಟ್ಟಿ ಹಾಲಿನ ಕಾಫಿ ಕುಡಿದು ಮೀಸೆ ಒರೆಸಿಕೊಂಡು ಒಪ್ಪಿ ಹೋದರು. ಹಿರಿಯರ ಮಾತು ಉಳಿಯಿತು, ಎಮ್ಮೆಗಳು ಸಂಜೆ ತಮ್ಮ ತಮ್ಮ ಮನೆಗೆ ಹೋದವು.

ಹೀಗಿರುವಾಗ ದೇಶದ ಎದುರು ನಮ್ಮ ಪರವಾಗಿ ಮಾತಾಡಿದ ತಮ್ಮ ಮಾತನ್ನು ನಾವು ಬೀಳಗೊಡುವುದುಂಟೇ? ತಮ್ಮ ಉತ್ತರ ನಿಜವೋ ಅಲ್ಲವೋ ನೋಡಿಬರಲು ಸಂಕ್ರಾಂತಿಯ ಮೇಲೆ ಒಬ್ಬ ಅಧಿಕಾರಿ ಬರುತ್ತಾರೆಂದು ತಿಳಿದಾಗ, ಮನೆ ನೋಡುವ ಶಾಸ್ತ್ರ ಬಂತೆಂದೇ ಎಲ್ಲರೂ ಸೊಂಟ ಕಟ್ಟಿದೆವು. ಓದುವ ಕೋಣೆಗೆ ನೂರ್ ಅಹಮ್ಮದನ ಮನೆಯ ಬೀರು ಬಂತು. ಅದರೊಳಕ್ಕೆ ಹಳೆಯ ಪಂಚಾಂಗಗಳು, ಟ್ರಾಕ್ಟರ್ ಕಂಪನಿಯ ಪುಸ್ತಕ, ಯಾರದೋ ಮದುವೆಯ ಆಲ್ಬಂ ಎಲ್ಲವನ್ನೂ ಬೆನ್ನು ಹೊರಗಾಗಿ ಜೋಡಿಸಿದೆವು. ಉಳಿದದ್ದು ಇಬ್ಬರು ಶಿಕ್ಷಕರು.

ಒಬ್ಬ, ಜೋಗಪ್ಪ. ಕಣ್ಣು ಮಂಜಾಗಿ ಮಗ್ಗ ಬಿಟ್ಟ ಮುದುಕ, ಇಸ್ತ್ರಿ ಅಂಗಿ ಹಾಕಿದರೆ ನಿವೃತ್ತ ತಹಶೀಲ್ದಾರರಂತೆ ಕಾಣುತ್ತಾನೆ. ಇನ್ನೊಬ್ಬ ನೂರ್ ಅಹಮ್ಮದನೇ. "ನನ್ ಕೈ ನೋಡ್ರಿ, ಇದು ಮೇಷ್ಟ್ರ ಕೈಯೇನ್ರಿ? ಎಷ್ಟು ತಿಕ್ಕಿದ್ರೂ ಗ್ರೀಸ್ ಹೋಗಂಗಿಲ್ಲ" ಎಂದು ಅವನು ಜಾರಿಕೊಳ್ಳಲು ನೋಡಿದ. "ಅದ್ಕೇನ್ಲೇ, ಸೀಮೆಸುಣ್ಣ ಮೆತ್ಕೊ, ಮೇಷ್ಟ್ರಿಗೆ ಅದೇ ಅಲ್ವಾ ಭೂಷಣ" ಎಂದ ಜೋಗಪ್ಪ. ನೂರ್ ಮೊಣಕೈವರೆಗೂ ಮೆತ್ತಿಕೊಂಡ.

ಅಧಿಕಾರಿಗಳ ಹೆಸರು ಗೋವರ್ಧನ. ಬಹಳ ಒಳ್ಳೆಯವರು, ನಗುಮುಖ, ಒಂದು ಕೈಯಲ್ಲಿ ತಮ್ಮ ಉತ್ತರದ ಪ್ರತಿ ಹಿಡಿದೇ ಜೀಪಿನಿಂದ ಇಳಿದರು. ಓದುವ ಕೋಣೆಯನ್ನು ಬಾಗಿಲಿನಿಂದಲೇ ನೋಡಿ ತಲೆದೂಗಿದರು. ನೂರ್ ಅಹಮ್ಮದನನ್ನು ಕಂಡು, "ತಮ್ಮದು ಯಾವ ವಿಷಯ ಮೇಷ್ಟ್ರೇ?" ಎಂದರು.

"ಟೂ ಸ್ಟ್ರೋಕು ಸಾರ್" ಎಂದ ನೂರ್. ಆಮೇಲೆ ಎಚ್ಚೆತ್ತು, "ಅಂದ್ರೆ... ವಿಜ್ಞಾನ."

"ಓಹೋ, ಪ್ರಾಯೋಗಿಕ!" ಎಂದು ಸಾಹೇಬರು ಸಂತೋಷದಿಂದ ಬರೆದುಕೊಂಡರು.

ಆಮೇಲೆ ಸೌಂದರ್ಯಳನ್ನು ಕರೆದು, ಹಲಗೆಯ ಮೇಲೆ ಭಿನ್ನರಾಶಿಯ ಒಂದು ಲೆಕ್ಕ ಬರೆದು ಸೀಮೆಸುಣ್ಣ ಕೊಟ್ಟರು. ಹುಡುಗಿ ಹಲಗೆಯನ್ನೇ ನೋಡುತ್ತಾ ನಿಂತಳು. ನಾವೆಲ್ಲ ಕಿಟಕಿಯಲ್ಲಿ ಇಣುಕುತ್ತಿದ್ದೆವು. ಅವಳ ಸಂಕಟ ನೋಡಲಾರದೆ ಜೋಗಪ್ಪ ಹಿಂದಿನಿಂದ ತನ್ನ ಮನೆಮಾತು ತೆಲುಗಿನಲ್ಲಿ, "ಮೂಡು... ಮೂಡು ಅನಿ ರಾಯಿ" ಎಂದು ಪಿಸುಗುಟ್ಟಿದ. ಮೂರು ಎಂದು ಬರೆ ಅಂತ. ಹುಡುಗಿ ಹಾಗೆಯೇ ಬರೆದಳು. ಉತ್ತರ ಮೂರಂತೂ ಅಲ್ಲವೆಂದು ಮುಂದೆ ತಿಳಿಯಿತು. ಆದರೆ ಗೋವರ್ಧನ ಸಾಹೇಬರು ಉತ್ತರದ ಕಡೆ ನೋಡಲೇ ಇಲ್ಲ, "ಗಡಿನಾಡಿನಲ್ಲಿ ಮಾತೃಭಾಷೆಯ ಬೋಧನೆ ಅಂದ್ರೆ ಇದು!" ಎಂದು ಅದನ್ನೂ ಬರೆದುಕೊಂಡರು. ಕೊಲ್ಲಾಪುರಮ್ಮನ ಉಪ್ಪಿಟ್ಟು ತಿಂದು, ಎರಡನೇ ಸಲ ಹಾಕಿಸಿಕೊಂಡು, ಎಲ್ಲವೂ ಉತ್ತರದಲ್ಲಿ ಇದ್ದಂತೆಯೇ ಇದೆ ಎಂದು ಷರಾ ಬರೆದು ಹೋದರು. ತಮ್ಮ ಮಾತು ಉಳಿಯಿತೆಂದು ನಾವು ಆ ಸಂಜೆ ಹಬ್ಬವನ್ನೇ ಮಾಡಿದೆವು. ಸೌಂದರ್ಯ ಮಾತ್ರ ಸೀಮೆಸುಣ್ಣ ಹಿಡಿದುಕೊಂಡೇ ಮನೆಗೆ ಹೋದಳು.

ಇನ್ನು ನನ್ನ ದೂರಿಗೆ ಬರುತ್ತೇನೆ. ಎಷ್ಟೋ ತಿಂಗಳಿಂದ ಮಲಗಿದ್ದ ನಮ್ಮ ಮನವಿ, ಈ ಭೇಟಿಯಾದ ವಾರದೊಳಗೆ ಧಡಕ್ಕನೆ ಎದ್ದು ಕೂತು ಉತ್ತರ ಕೊಟ್ಟಿತು. ಸದನಕ್ಕೆ ತಿಳಿಸಿರುವಂತೆ ಸದರಿ ಶಾಲೆಯಲ್ಲಿ ಇಬ್ಬರು ಶಿಕ್ಷಕರಿದ್ದು, ಖುದ್ದು ಪರಿಶೀಲನೆಯಿಂದಲೂ ಅದು ದೃಢಪಟ್ಟಿರುವುದರಿಂದ ತಮ್ಮ ಕೋರಿಕೆಯನ್ನು ಪುರಸ್ಕರಿಸಲು ಬರುವುದಿಲ್ಲ ಎಂದು. ಅಷ್ಟೇ ಅಲ್ಲ, ಇಬ್ಬರು ಖಾಯಂ ಶಿಕ್ಷಕರಿರುವಾಗ ಅನಗತ್ಯವೆಂದು ಮಂಗಳವಾರದ ಮೇಷ್ಟ್ರನ್ನೂ ನಿಲ್ಲಿಸಿದರು. ಅದನ್ನು ಓದಿ ಹೇಳಿದಾಗ ಹಟ್ಟಿಯ ಹಿರಿಯಳು ಉಚ್ಚಂಗೆಮ್ಮ ನಮ್ಮನ್ನೆಲ್ಲ ನಿಲ್ಲಿಸಿ ಬೈದಳು. "ಮದ್ವಿ ಆಗಾದಿದ್ರೆ ಎಮ್ಮಿ ಕಟ್ಟಿ ತೋರಿಸ್ಬೇಕಪ್ಪ. ಇಲ್ಲಿ ನಮಗೆ ಬೇಕಾದ್ದೇ ಎಮ್ಮಿ. ನಮ್ಮತ್ರ ಐತೆ ಅಂತ ತೋರಿಸಿದ್ರೆ ಯಾವನ್ ಕೊಡ್ತಾನ್ರೋ, ತಲಿ ಐತೇನ್ರೋ ನಿಮಗೆ?"

ತಲೆ ಇತ್ತು ಮಾನ್ಯರೇ, ಆದರೆ ಅದನ್ನು ತಮ್ಮ ಗೌರವ ಕಾಯಲು ಒತ್ತೆ ಇಟ್ಟಿದ್ದೆವು.

ಹೀಗೆ ಸಿಕ್ಕಿಕೊಂಡಿರುವ ಇಬ್ಬರು ಮೇಷ್ಟ್ರುಗಳೂ ಸುಮ್ಮನೆ ಕೂರದೆ, ಹೇಗೂ ಆಗಿದ್ದೇವಲ್ಲ ಎಂದು ಪಾಠ ಮಾಡಲೂ ನೋಡಿದರು. ನೂರ್ ಅಹಮ್ಮದ್ ವಿಜ್ಞಾನಕ್ಕೆಂದು ಒಂದು ಹಳೆಯ ಬೈಕು ತಂದು ಬಿಚ್ಚಿಸಿದ, ಮಕ್ಕಳು ಸಂತೋಷವಾಗಿ ಬಿಚ್ಚಿದರು, ಮರಳಿ ಜೋಡಿಸುವಾಗ ಏನೇನೋ ಉಳಿದವು, ಬೈಕಿನ ಯಜಮಾನರು ಇನ್ನೂ ನಡೆದೇ ಓಡಾಡುತ್ತಿದ್ದಾರೆ. ಜೋಗಪ್ಪ ಇತಿಹಾಸ ತೆಗೆದುಕೊಂಡು, ಯಾವ ರಾಜನನ್ನು ಹಿಡಿದರೂ ಕೊನೆಗೆ ಅವನನ್ನು ನಮ್ಮ ಹತ್ತಿರದ ಜಟಿಂಗ ರಾಮೇಶ್ವರದ ಬೆಟ್ಟಕ್ಕೇ ಹತ್ತಿಸಿ ಊಟ ಹಾಕಿಸಿ ಮಲಗಿಸುತ್ತಿದ್ದ, ಅಷ್ಟರಲ್ಲಿ ತಾನೂ ಮಲಗಿರುತ್ತಿದ್ದ. ಭಿನ್ನರಾಶಿಯ ಪುಟ ಬಂದಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ನೀ ಹೇಳ್ಕೊಡಲೇ, ನಿಂದು ವಿಜ್ಞಾನ" ಎಂದ ಜೋಗಪ್ಪ. "ಅದು ಗಣಿತ ಕಣ್ರೀ ತಾತ, ಅದ್ರ ಮೇಷ್ಟ್ರನ್ನ ಮಂತ್ರಿಗಳು ಹೇಳೇ ಇಲ್ಲ" ಎಂದ ನೂರ್.

ನಮ್ಮ ರಾಜ್ಯ ತಮ್ಮ ಶಿಕ್ಷಣ ನೀತಿಯನ್ನು ಇಟ್ಟುಕೊಂಡಿದೆಯೋ ಬಿಟ್ಟಿದೆಯೋ ಎಂಬ ವಿಷಯದಲ್ಲಿ ಚಳ್ಳಕೆರೆಯ ಚಹಾದಂಗಡಿಯಲ್ಲೇ ಎರಡು ಪಕ್ಷಗಳಾಗಿವೆ, ಆ ತಂಟೆಗೆ ನಾನು ಹೋಗುವುದಿಲ್ಲ. ತಮ್ಮ ಕಥಾಶಕ್ತಿಯ ಬಗ್ಗೆಯೂ ನನ್ನ ತಕರಾರಿಲ್ಲ. ಒಂದು ಚೀಟಿಯ ಬಲದಿಂದ ಒಂದು ಶಾಲೆಯನ್ನೇ ತುಂಬಿಸಿಬಿಡುವುದು ಎಲ್ಲರ ಕೈಲಾಗುವ ಕೆಲಸವಲ್ಲ. ನನ್ನ ಬಿನ್ನಹ ಇಷ್ಟೆ. ಜೋಗಪ್ಪ ಮತ್ತು ನೂರ್ ಅಹಮ್ಮದ್ ಎಂಬ ಸದರಿ ಇಬ್ಬರು ಶಿಕ್ಷಕರನ್ನು ತಾವು ದಯಮಾಡಿ ಬೇರೆಲ್ಲಿಗಾದರೂ ವರ್ಗ ಮಾಡಬೇಕು. ಇದ್ದ ಮೇಷ್ಟ್ರನ್ನು ವರ್ಗ ಮಾಡುವುದರಲ್ಲಿ ಸರ್ಕಾರಕ್ಕೆ ಎಂದೂ ಕಷ್ಟವಾದದ್ದಿಲ್ಲ, ಇಲ್ಲದವರನ್ನು ವರ್ಗ ಮಾಡುವುದು ಇನ್ನೂ ಸುಲಭ. ಅವರು ಹೋದರೆ ಹುದ್ದೆ ಖಾಲಿಯಾಗುತ್ತದೆ, ಖಾಲಿಯಾದರೆ ತುಂಬಿ ಎಂದು ಕೇಳುವ ಬಾಯಿ ನಮಗೆ ಬರುತ್ತದೆ. ದೆಹಲಿಗೇ ಕರೆಸಿಕೊಂಡರೂ ಅಡ್ಡಿಯಿಲ್ಲ. ಜೋಗಪ್ಪನಿಗೆ ಮೆತ್ತನೆಯ ಕುರ್ಚಿ ಕೊಟ್ಟರೆ ಯಾವ ಚರ್ಚೆಯನ್ನಾದರೂ ಮಲಗಿಕೊಂಡೇ ಕೇಳುತ್ತಾನೆ, ಅಲ್ಲಿ ಅದಕ್ಕೆ ಅಭ್ಯಂತರವಿರಲಾರದು. ನೂರ್ ಅಹಮ್ಮದ್ ತಮ್ಮ ಕಾರನ್ನು ನೋಡಿಕೊಳ್ಳುತ್ತಾನೆ.

ಇದಾಗದಿದ್ದರೆ ಮುಂದಿನ ಅಧಿವೇಶನದಲ್ಲಿ ಯಾರಾದರೂ ಕೇಳಿದಾಗ, ಮಗ್ಗದಹಟ್ಟಿಯಲ್ಲಿ ಶಿಕ್ಷಕರೇ ಇಲ್ಲ ಎಂದು ಒಂದು ಸಲ ಹೇಳಿಬಿಡಿ. ತಮ್ಮ ಆ ಮಾತನ್ನು ನಿಜ ಮಾಡಲು ನಮಗೆ ಯಾರ ಬೀರುವನ್ನೂ ಎರವಲು ತರಬೇಕಾಗಿಲ್ಲ. ಒಂದು ವೇಳೆ ಮತ್ತೆ ಹೊಗಳಲೇಬೇಕೆಂದು ಮನಸ್ಸಾದರೆ ಕೈಮುಗಿದು ಕೇಳಿಕೊಳ್ಳುತ್ತೇನೆ, ರೈಲು ನಿಲ್ದಾಣ ಇದೆ ಎಂದು ಮಾತ್ರ ಹೇಳಬೇಡಿ. ಅಷ್ಟು ಉದ್ದದ ರೈಲನ್ನು ಒಂದು ಹಗಲಿನ ಮಟ್ಟಿಗೆ ಕಡ ಕೊಡುವವರು ನಮ್ಮ ಸುತ್ತಮುತ್ತ ಯಾರೂ ಇಲ್ಲ.

ಇದೆಲ್ಲ ಬೇಗ ಆಗಬೇಕು. ಶಿವರಾತ್ರಿ ಕಳೆದುಹೋಯಿತು. ಬಸವಲಿಂಗಮ್ಮ ಮನೆಯ ಎರಡನೇ ಮಗ್ಗದ ಗುಂಡಿಯಲ್ಲಿ ಕೂಡಿದ್ದ ಕಸ ತೆಗೆದು ಸಾರಿಸಿದ್ದಾಳೆ. ನಾಳೆ ಬೆಳಿಗ್ಗೆ ಸೌಂದರ್ಯಳನ್ನು ಕೂರಿಸುತ್ತೇನೆ ಎಂದಿದ್ದಾಳೆ. ನಾವು ಏನು ಹೇಳಿದರೂ, "ಇಬ್ರು ಮೇಷ್ಟ್ರಿದ್ದೂ ಕಲೀಲಿಲ್ಲ ಅಂದ್ಮ್ಯಾಲೆ ನನ್ ಮಗಳೇ ದಡ್ಡಿ ಬಿಡ್ರಿ" ಎಂದು ಒಳಗೆ ಹೋಗಿಬಿಡುತ್ತಾಳೆ. ಇದಕ್ಕೆ ಏನು ಉತ್ತರ ಹೇಳಬೇಕೆಂದು ನಮಗೆ ತೋಚಿಲ್ಲ. ಉತ್ತರ ಹೇಳುವುದರಲ್ಲಿ ತಾವು ಪಳಗಿದವರಾದ್ದರಿಂದ ತಮ್ಮ ಪಾದಕ್ಕೇ ಇದನ್ನು ಬರೆದು ಹಾಕಿದ್ದೇನೆ.

ತಮ್ಮ ಮಾತಿನ ಮರ್ಯಾದೆ ಕಾಯುತ್ತಾ ದಣಿದಿರುವ,

ತಮ್ಮ ವಿಶ್ವಾಸಿ,
ತಿಪ್ಪೇರುದ್ರ
ಮಗ್ಗದಹಟ್ಟಿ, ಮೊಳಕಾಲ್ಮುರು ತಾಲ್ಲೂಕು

ಮರೆತ ಮಾತು: ಮೇಲಿನದನ್ನು ನಿನ್ನೆ ಸಂಜೆ ಬರೆದು ಮುಗಿಸಿ, ಅಂಚೆಗೆ ಹಾಕುವ ಮುಂಚೆ ಜಗಲಿಯ ಮೇಲೆ ಎಲ್ಲರಿಗೂ ಓದಿ ಹೇಳಿದೆ. ಯಾರೂ ನಗಲಿಲ್ಲ. ಒಬ್ಬೊಬ್ಬರೇ ಎದ್ದು ಹೋದರು, ನಾನು ಚೆನ್ನಾಗಿ ಬರೆದಿಲ್ಲವೇನೋ ಎಂದುಕೊಂಡೆ.

ಇಂದು ಬೆಳಿಗ್ಗೆ ನೋಡಿದರೆ ನಿನ್ನೆ ಕೇಳಿದವರೆಲ್ಲ ಮಕ್ಕಳ ಸಮೇತ ಬಸ್ಸಿಗೆ ನಿಂತಿದ್ದರು. ಬಸವಲಿಂಗಮ್ಮ ಸೌಂದರ್ಯಳ ಕೈ ಹಿಡಿದು ಎಲ್ಲರಿಗಿಂತ ಮುಂದಿದ್ದಳು. ಗೋವರ್ಧನ ಸಾಹೇಬರ ಕಚೇರಿಗೆ ಹೋಗಿ, ಜೋಗಪ್ಪನನ್ನೂ ನೂರ್ ಅಹಮ್ಮದನನ್ನೂ ಅವರ ಮೇಜಿನ ಮುಂದೆ ನಿಲ್ಲಿಸಿದೆವು. "ನಾವು ಮೇಷ್ಟ್ರಲ್ಲ ಸಾರ್, ತಪ್ಪಾತು" ಎಂದರು ಇಬ್ಬರೂ. ಸಾಹೇಬರು ಕಡತ ಎಳೆದುಕೊಂಡರು. "ಈಗ ಹಿಂಗಂದ್ರೆ ಹೆಂಗ್ರೀ? ಸದನಕ್ಕೆ ಹೋದ ಉತ್ತರ ಅದು. ಇಲ್ಲ ಅಂತ ನಾನು ಹೆಂಗ್ ಬರೀಲಿ?"

"ಬರೀಬ್ಯಾಡ್ರಿ" ಎಂದಳು ಬಸವಲಿಂಗಮ್ಮ. "ನೀವು ಬರಿಯೋ ತಂಕ ಮಕ್ಕಳು ದಿನಾ ಇಲ್ಲೇ ಬರ್ತಾವೆ. ನೀವೇ ಹೇಳ್ಕೊಡ್ರಿ." ಸೌಂದರ್ಯ ಮುಂದೆ ಬಂದು ಕಡತಗಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಭಿನ್ನರಾಶಿಯ ಪುಟ ಬಿಚ್ಚಿ ಅವರ ಮುಂದಿಟ್ಟಳು. ಸಾಹೇಬರು ಪುಟ ನೋಡಿದರು, ನಮ್ಮನ್ನು ನೋಡಿದರು, ಹೊರಗೆ ಯಾರಾದರೂ ಮೇಲಿನವರು ಇದ್ದಾರೋ ಎಂದು ನೋಡಿದರು. ಆಮೇಲೆ ಯಾವುದೋ ಸುತ್ತೋಲೆ ಮಗುಚಿ ಹಾಕಿ, ಅದರ ಹಿಂಬದಿಯಲ್ಲಿ ಒಂದು ರೊಟ್ಟಿಯ ಚಿತ್ರ ಬರೆದರು. ಅಧಿಕಾರಿಯಾಗುವ ಮುಂಚೆ ಅವರು ಗಣಿತದ ಮೇಷ್ಟ್ರಾಗಿದ್ದರಂತೆ. ಚೆನ್ನಾಗಿ ಹೇಳಿಕೊಡುತ್ತಾರೆ, ದನಿಯೂ ಏರಿದೆ, ಫೋನು ಬಂದರೂ ಎತ್ತುತ್ತಿಲ್ಲ. ನಾನು ಇದನ್ನು ಅವರ ಕಚೇರಿಯ ಮೂಲೆಯಲ್ಲೇ ಕೂತು ಬರೆಯುತ್ತಿದ್ದೇನೆ. ಸೌಂದರ್ಯ ಮೂರನೇ ಲೆಕ್ಕಕ್ಕೆ ಬಂದಿದ್ದಾಳೆ. ಅವಳವ್ವ ಅವಳ ಹಿಂದೆಯೇ ನೆಲದ ಮೇಲೆ ಕೂತು ನೋಡುತ್ತಿದ್ದಾಳೆ.

ಆದ್ದರಿಂದ ಮಾನ್ಯರೇ, ನಮ್ಮ ಶಾಲೆಗೆ ಒಬ್ಬ ಮೇಷ್ಟ್ರು ಸಿಕ್ಕಿದ್ದಾರೆ. ಆದರೆ ಈ ಕಚೇರಿಯಲ್ಲಿ ಕಡತ ನೋಡುವವರ ಒಂದು ಜಾಗ ಇಂದಿನಿಂದ ಖಾಲಿಯಾಗಿದೆ. ಅದನ್ನು ತಾವು ನಾಳೆಯೇ ತುಂಬುತ್ತೀರೆಂಬುದರಲ್ಲಿ ನಮಗೆ ಸಂಶಯವಿಲ್ಲ.